ಗಿರಾಕಿಗಳು ಊರು ಬಿಟ್ಟ ಮೇಲೆ

ನಾನು ಮದುವೆಯಾಗಿ ಸೇರಿದ ಮನೆಯ ಮುಂದಿನ ಜಗಲಿಯೇ ಅಂಗಡಿಯಾಗಿತ್ತು. ಸಾಗರದಿಂದ ಬರುವ ಗಾಡಿದಾರಿ ಶರಾವತಿಯ ದಂಡೆಗೆ ಇಳಿಯುವ ಮೊದಲು ಎರಡಾಗಿ ಒಡೆಯುತ್ತಿತ್ತು. ಆ ಕವಲಿನಲ್ಲಿ ನಮ್ಮ ಮನೆ. ಈಗ ಆ ದಾರಿಯೂ ಇಲ್ಲ, ಕವಲೂ ಇಲ್ಲ, ಎಲ್ಲ ನೀರಿನಡಿಯಲ್ಲಿದೆ. ನಾನು ಅಲ್ಲಿಗೆ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಅಂಗಡಿ ಎಂದರೆ ಮನೆಯ ಗಂಡಸರು ಹೋಗಿ ಸಾಮಾನು ಹೊತ್ತು ತರುವ ಜಾಗ ಎಂದಷ್ಟೇ ನನಗೆ ಗೊತ್ತಿತ್ತು. ಅದರ ಒಳಗೆ ಕೂತು ಹೊರಗೆ ನೋಡುವ ಬದುಕು ನನ್ನದಾಗುತ್ತದೆ ಎಂದು ಎಣಿಸಿರಲಿಲ್ಲ.

ಮನೆಯಲ್ಲಿ ಮೂವರೇ ಇದ್ದೆವು: ಮಾವ, ಅವರ ಒಬ್ಬನೇ ಮಗನಾದ ನನ್ನ ಯಜಮಾನರು, ಮತ್ತು ನಾನು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅಡುಗೆಮನೆಯಿಂದ ಅಂಗಡಿಗೆ ಒಂದು ಬಾಗಿಲಿತ್ತು. ಅದಕ್ಕೆ ಕದ ಇರಲಿಲ್ಲ, ಒಂದು ಹಳೆಯ ಸೀರೆಯನ್ನು ಇಳಿಬಿಟ್ಟಿದ್ದರು. ನಾನು ಒಲೆಯ ಮುಂದೆ ಕೂತು ಆ ಸೀರೆಯಾಚೆಯ ಮಾತುಗಳನ್ನು ಕೇಳುತ್ತಲೇ ಊರಿನ ಪರಿಚಯ ಮಾಡಿಕೊಂಡೆ. ದನಿಗಳು ಮೊದಲು ಗೊತ್ತಾದವು, ಮುಖಗಳು ಆಮೇಲೆ.

ಹೊಳೆಯ ಎರಡೂ ಕಡೆಯ ಹಳ್ಳಿಗಳಿಗೆ ಅದೊಂದೇ ಅಂಗಡಿ. ಹರಳುಪ್ಪು, ಬೆಲ್ಲ, ಒಣಮೆಣಸು, ಹೊಗೆಸೊಪ್ಪು, ಚಿಮಣಿ ಎಣ್ಣೆ, ಕತ್ತಿ, ಗುದ್ದಲಿ, ಕಂಬಳಿ, ಒರಟು ಸೀರೆ, ಪಂಚೆ, ಬಾಣಂತಿಗೆ ಬೇಕಾಗುವ ಓಮ, ಒಣಶುಂಠಿ. ಬರುವವರಲ್ಲಿ ಹೆಚ್ಚಿನವರು ಗೇಣಿ ಮಾಡುವ ಮನೆಯವರು. ದುಡ್ಡು ತರುವವರು ಕಡಿಮೆ. ಭತ್ತ, ಸೀಗೆಕಾಯಿ, ಅಂಟುವಾಳ, ಜೇನು, ಕಾಳುಮೆಣಸು ತಂದು ಸುರಿದು ಉಪ್ಪು ಒಯ್ಯುತ್ತಿದ್ದರು. ಅವರು ತಂದದ್ದನ್ನು ಮಾವ ಗಾಡಿಯಲ್ಲಿ ಸಾಗರಕ್ಕೆ ಕಳಿಸಿ, ಅದೇ ಗಾಡಿಯಲ್ಲಿ ಅವರಿಗೆ ಬೇಕಾದದ್ದನ್ನು ತರಿಸುತ್ತಿದ್ದರು. ಬೆಲೆ ಕೇಳುವ ರೂಢಿಯೇ ಇರಲಿಲ್ಲ. ಬಂದವರು ಮೊದಲು ಕೂರುತ್ತಿದ್ದರು, ನೀರು ಕುಡಿಯುತ್ತಿದ್ದರು, ಹೊಳೆಯಾಚೆಯ ಸುದ್ದಿ ಹೇಳುತ್ತಿದ್ದರು. ವ್ಯಾಪಾರ ಕೊನೆಗೆ, ಏಳುವ ಹೊತ್ತಿಗೆ.

ಒಂದು ದಿನ ಬೆಳಿಗ್ಗೆಯಿಂದ ಒಬ್ಬ ಹೆಂಗಸು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಮೇಲಿನ ಹಳ್ಳಿಯ ಒಬ್ಬ ಗೇಣಿದಾರನ ಹೆಂಡತಿ. ಬಂದವರೆಲ್ಲ ಹೋದರೂ ಅವಳು ಹೋಗಲಿಲ್ಲ.

"ಎಂತ ಬೇಕಿತ್ತು?" ಎಂದು ಮಾವ ಕೇಳಿದರು.

"ಎಂತದೂ ಇಲ್ಲ ಸಾವ್ಕಾರ್ರೇ. ಹಂಗೇ ನಿತ್ಕಂಡೆ."

ಮಾವ ಒಳಗೆ ನನ್ನ ಹತ್ತಿರ ಬಂದರು. "ಮಗಾ, ಒಂಚೂರು ಹೊರಗೆ ಬಾ. ಆಯಮ್ಮಂಗೆ ನನ್ನ ಹತ್ರ ಕೇಳೋಕೆ ಆಗ್ತಾ ಇಲ್ಲ. ನಾನು ಕೊಟ್ಟಿಗೆ ಕಡೆ ಹೋಗಿರ್ತೀನಿ" ಎಂದರು.

ನಾನು ಸೆರಗು ಸರಿಮಾಡಿಕೊಂಡು ಹೋದೆ. ಅವಳ ಮಗಳು ಮೈನೆರೆದಿದ್ದಳು. ಮೆತ್ತನೆಯ ಬಟ್ಟೆ ಬೇಕಿತ್ತು, ಹುಡುಗಿಗೆ ಮೊದಲನೆಯ ಸೀರೆ ಬೇಕಿತ್ತು. ಇಷ್ಟು ವರ್ಷ ಗಂಡಸರು ಕೈಗೆ ಹಾಕಿದ್ದನ್ನೇ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದವಳು ಅವತ್ತು ಸೀರೆಗಳನ್ನೆಲ್ಲ ಬಿಚ್ಚಿಸಿ, ಅಂಚು ನೋಡಿ, ಕೆನ್ನೆಗೆ ಒತ್ತಿ ನೋಡಿ ಒಂದನ್ನು ಆರಿಸಿದಳು. ಹೋಗುವಾಗ, "ನಾಳೆಯೂ ನೀವೇ ಕೂತ್ಕತೀರಾ ಸಣ್ಣಮ್ಮ?" ಎಂದು ಕೇಳಿದಳು.

ಅವಳು ಹೋಗಿ ಏನು ಹೇಳಿದಳೋ, ಆ ವಾರದಿಂದಲೇ ಹೆಂಗಸರು ಬರತೊಡಗಿದರು. ನಾನು ಮಧ್ಯಾಹ್ನದ ಕೆಲಸ ಮುಗಿಸಿ ಜಗಲಿಯಲ್ಲಿ ಕೂರುವುದು ರೂಢಿಯಾಯಿತು. ಸಾಗರದ ನೆಂಟರು ಒಬ್ಬಿಬ್ಬರು ಮೂಗು ಮುರಿದರು. ಮಾವ ಅವರಿಗೆ, "ಅಂಗಡಿಗೆ ಬರೋರಲ್ಲಿ ಅರ್ಧ ಹೆಂಗಸ್ರು. ಕೂರೋರು ಮಾತ್ರ ಗಂಡಸ್ರೇ ಆಗ್ಬೇಕು ಅಂದ್ರೆ ಹೆಂಗೆ?" ಎಂದರು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಅದೇ ಕಾಲಕ್ಕೆ ಸೇರು ಹೋಗಿ ಕಿಲೋ ಬಂತು. ಹೊಸ ತೂಕವನ್ನು ಜನ ನಂಬಲಿಲ್ಲ. ಮಾವ ಬೇಸರವಿಲ್ಲದೆ ಪ್ರತಿಯೊಬ್ಬರ ಎದುರೂ ಹಳೆಯ ಕಲ್ಲುಗಳನ್ನು ತಕ್ಕಡಿಯ ಒಂದು ತಟ್ಟೆಗೆ, ಹೊಸದನ್ನು ಇನ್ನೊಂದಕ್ಕೆ ಇಟ್ಟು ಸಮ ಮಾಡಿ ತೋರಿಸುತ್ತಿದ್ದರು. ಮೋಸವಿಲ್ಲ ಎಂದು ಅವರ ಮುಖ ನೋಡಿ ನಂಬಿದವರೇ ಹೆಚ್ಚು, ತಕ್ಕಡಿ ನೋಡಿ ನಂಬಿದವರು ಕಡಿಮೆ.

ಅಷ್ಟರಲ್ಲಿ ಮುಳುಗಡೆಯ ಮಾತು ನಿಜವಾಗುತ್ತ ಬಂದಿತ್ತು. ಹೊಳೆಯ ಕೆಳಭಾಗದಲ್ಲಿ ಅಣೆಕಟ್ಟಿನ ಕೆಲಸ ನಡೆದಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ನೀರು ತಮ್ಮ ಹೊಸಿಲಿಗೇ ಬರುತ್ತದೆ ಎಂದು ಒಪ್ಪಿಕೊಳ್ಳಲು ಯಾರ ಮನಸ್ಸಿಗೂ ಆಗುತ್ತಿರಲಿಲ್ಲ. ಅಳತೆಯವರು ಬಂದು ಮರಗಳಿಗೆ, ಕಲ್ಲುಗಳಿಗೆ ಗುರುತು ಹಾಕಿ ಹೋದರು. ನಮ್ಮ ಮನೆಯ ಗೋಡೆಗೂ ಹಾಕಿದರು. ಆಮೇಲೆ ಪರಿಹಾರದ ಹಣ ಬರತೊಡಗಿತು. ಜಮೀನಿದ್ದವರಿಗೆ ಹೆಚ್ಚು, ಗೇಣಿಯವರಿಗೆ ಅಷ್ಟಕ್ಕಷ್ಟೆ; ಅವರಿಗೆ ಎಲ್ಲೋ ಕಾಡಿನಲ್ಲಿ ಜಾಗ ತೋರಿಸಿದರು.

ಆ ಕೆಲವು ತಿಂಗಳು ನಮ್ಮ ಅಂಗಡಿಯಲ್ಲಿ ಎಂದೂ ಕಾಣದಷ್ಟು ವ್ಯಾಪಾರ. ಹಗ್ಗ, ಗೋಣಿಚೀಲ, ಮೊಳೆ, ಲಾಟೀನು, ಕೊಡಲಿ — ಊರು ಬಿಡುವವರಿಗೆ ಬೇಕಾದ ಸಾಮಾನು. ತಂದದ್ದೆಲ್ಲ ಎರಡೇ ದಿನದಲ್ಲಿ ಖಾಲಿಯಾಗುತ್ತಿತ್ತು. ಮಾವ ಅದನ್ನು ಮಾರುವಾಗ ತಲೆಯೆತ್ತಿ ನೋಡುತ್ತಿರಲಿಲ್ಲ.

ಪಟ್ಟಣದ ವ್ಯಾಪಾರಿಗಳಿಗೂ ಪರಿಹಾರದ ವಾಸನೆ ಹತ್ತಿತ್ತು. ಲಾರಿಗಳು ಬಂದು ನಮ್ಮ ಅಂಗಡಿಯ ಎದುರಿನ ಬಯಲಿನಲ್ಲೇ ನಿಂತವು. ಸೈಕಲ್ಲು, ರೇಡಿಯೋ, ಕೈಗಡಿಯಾರ, ಜರಿಸೀರೆ. ಜೀವಮಾನದಲ್ಲಿ ನೋಟು ಹಿಡಿಯದವರು ಅಲ್ಲಿ ಗುಂಪುಗಟ್ಟಿ ನಿಂತರು. ಸೈಕಲ್ಲು ಹೊಡೆಯಲು ಬಾರದವನೊಬ್ಬ ಸೈಕಲ್ಲು ಕೊಂಡು ಹೊತ್ತುಕೊಂಡು ಗುಡ್ಡ ಹತ್ತಿದ್ದನ್ನು ನಾನು ನೋಡಿದ್ದೇನೆ.

ಅವತ್ತು ಊಟಕ್ಕೆ ಕೂತಾಗ ತಂದೆ-ಮಗನಿಗೆ ಮಾತು ಬೆಳೆಯಿತು.

"ನಾವೂ ತರ್ಸೋಣ ಅಪ್ಪಯ್ಯ" ಎಂದರು ಯಜಮಾನರು. "ನಮ್ಮ ಬಾಗ್ಲಲ್ಲೇ ಬೇರೆಯೋರು ಮಾರ್ತಾ ಇದ್ದಾರೆ. ನಾವು ಉಪ್ಪು ತೂಗ್ತಾ ಕೂತಿದ್ದೀವಿ."

"ಅವರು ಹೋಗೋದು ಕಾಡಿಗೆ. ಅಲ್ಲಿ ಬೇಕಾಗೋದು ಹಾರೆ, ಗುದ್ದಲಿ, ಒಂದು ವರ್ಷದ ಅಕ್ಕಿ. ರೇಡಿಯೋ ಅಲ್ಲ."

"ಅವರಿಗೆ ಎಂತ ಬೇಕು ಅಂತ ಹೇಳೋಕೆ ನಾವ್ಯಾರು? ಒಂದ್ಸಲ ಆದ್ರೂ ರೇಡಿಯೋ ಕೇಳ್ಬೇಕು ಅಂತ ಅವರಿಗೆ ಅನ್ಸಬಾರ್ದಾ?"

ಮಾವ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅಂಗಡಿಗೆ ರೇಡಿಯೋ ಬರಲಿಲ್ಲ. ಅಪ್ಪ-ಮಗನ ನಡುವೆ ಮಾತು ಕಡಿಮೆಯಾಯಿತು.

ಹಳ್ಳಿಗಳು ಒಂದೊಂದಾಗಿ ಖಾಲಿಯಾದವು. ಗಾಡಿಯಲ್ಲಿ ಹೆಂಚು, ತೊಲೆ, ಬಾಗಿಲು, ಒರಳುಕಲ್ಲು ಹೇರಿಕೊಂಡು ಹೋಗುವವರು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿ, ಎಲೆಯಡಿಕೆಯ ಕವಳ ಹಾಕಿ, ಹೋಗಿಬರುತ್ತೇವೆ ಎನ್ನುತ್ತಿದ್ದರು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಕೆಲವರಿಗೆ ಹೊಸನಗರದ ಕಡೆ ಜಾಗ, ಕೆಲವರಿಗೆ ತೀರ್ಥಹಳ್ಳಿಯ ಕಡೆ, ಇನ್ನು ಕೆಲವರಿಗೆ ಹೆಸರು ಕೇಳದ ಊರುಗಳಲ್ಲಿ. ಆ ಸೀರೆ ಆರಿಸಿದ ಹೆಂಗಸಿನ ಮನೆಯವರು ಹೊಸನಗರದ ದಾರಿ ಹಿಡಿದರು.

ಆಮೇಲೆ ಒಂದು ದಿನ ಬಂತು. ಬೆಳಿಗ್ಗೆ ಹಲಗೆಗಳನ್ನು ತೆಗೆದು ಅಂಗಡಿ ತೆರೆದೆವು. ಸಂಜೆಯವರೆಗೆ ಯಾರೂ ಬರಲಿಲ್ಲ. ಮಳೆಯಿಲ್ಲ, ಹಬ್ಬವಿಲ್ಲ, ಸಾವಿಲ್ಲ; ಬರುವವರೇ ಇಲ್ಲ. ಮಾವ ಮಧ್ಯಾಹ್ನ ಒಮ್ಮೆ ಎದ್ದು ಬೆಲ್ಲದ ಡಬ್ಬಿಯ ಮೇಲಿನ ಧೂಳು ಒರೆಸಿದರು. ನೀರು ಇನ್ನೂ ಎಷ್ಟೋ ದೂರದಲ್ಲಿತ್ತು. ನಮ್ಮ ಅಂಗಡಿ ಮಾತ್ರ ಅವತ್ತೇ ಮುಳುಗಿತು.

ಯಜಮಾನರು ಸಾಗರದಲ್ಲಿ ಪೇಟೆಗೆ ಹತ್ತಿರದ ಒಂದು ಓಣಿಯಲ್ಲಿ ಬಾಡಿಗೆಗೆ ಅಂಗಡಿ ನೋಡಿ ಬಂದಿದ್ದರು. ಮಾವ ಬರಲೊಪ್ಪಲಿಲ್ಲ. ಹೊಳೆಯಾಚೆ ಬ್ಯಾಕೋಡಿನ ಕಡೆಯ ಗುಡ್ಡಗಳಲ್ಲಿ ಕೆಲವು ಹಳ್ಳಿಗಳು ಮುಳುಗದೆ ಉಳಿಯುವುದಿತ್ತು. ನೀರು ತುಂಬಿದ ಮೇಲೆ ಅವು ಒಂದು ರೀತಿಯ ನಡುಗಡ್ಡೆಯಾಗುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು.

"ಅಲ್ಲಿ ಎಷ್ಟು ಮನೆ ಉಳಿದಾವು ಅಪ್ಪಯ್ಯ? ಅಷ್ಟಕ್ಕೆ ಒಂದು ಅಂಗಡಿ ನಡೀತದಾ?" ಎಂದರು ಯಜಮಾನರು.

"ನಡೀದೇ ಇದ್ರೂ ಒಂದು ಬೇಕಲ್ಲ" ಎಂದರು ಮಾವ.

ಹೀಗೆ ಒಂದು ಅಂಗಡಿ ಎರಡಾಯಿತು. ಮನೆಯ ಹೆಂಚು-ತೊಲೆ ಬಿಚ್ಚಿ ಮಾವ ದೋಣಿಯಲ್ಲಿ ಆಚೆ ಸಾಗಿಸಿದರು. ನಾವಿಬ್ಬರೂ ಸಾಗರ ಸೇರಿದೆವು. ಗಾಡಿ ಹತ್ತುವಾಗ ಮಾವ ನನ್ನ ಕೈಗೆ ಒಂದು ಚೀಲ ಬೆಲ್ಲ ಕೊಟ್ಟು, "ಪೇಟೇಲಿ ಒಳ್ಳೇದು ಸಿಗಲ್ಲ" ಎಂದರು.

ಸಾಗರದ ಅಂಗಡಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಬೀದಿಯಲ್ಲೇ ನಿಂತು ಬೆಲೆ ಕೇಳುವರು, ಕೇಳಿ ಪಕ್ಕದ ಅಂಗಡಿಗೆ ಹೋಗುವರು, ಅಲ್ಲಿ ಕೇಳಿ ಮತ್ತೆ ನಮ್ಮಲ್ಲಿಗೆ ಬರುವರು. ಪಕ್ಕದವರು ದೊಡ್ಡ ವ್ಯಾಪಾರಿಗಳು. ಶಿವಮೊಗ್ಗದಿಂದ ಲಾರಿಗಟ್ಟಲೆ ತರಿಸಿ ಕಡಿಮೆಗೆ ಕೊಡುತ್ತಿದ್ದರು. ಬಟ್ಟೆಗೆ ಗಾಜಿನ ಕಪಾಟಿನ ಅಂಗಡಿಗಳಿದ್ದವು. ನಮ್ಮ ಒರಟು ಸೀರೆಗಳನ್ನು ಮುಟ್ಟುವವರಿರಲಿಲ್ಲ. ಅಕ್ಕಿಗೆ ಕಾರ್ಡು ಬಂದು ಜನ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತರು. ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಭತ್ತ ಸಾಗಿಸುವುದಕ್ಕೂ ಅಡ್ಡಿ. ಹಳ್ಳಿಯಲ್ಲಿ ಭತ್ತ ತೆಗೆದುಕೊಂಡು ಉಪ್ಪು ಕೊಡುವುದನ್ನು ಬಲ್ಲ ಯಜಮಾನರಿಗೆ ಈ ಹೊಸ ವ್ಯವಹಾರ ಕೈಗೆ ಹತ್ತಲಿಲ್ಲ. ಪಟ್ಟಣದ ಆಸೆ ಇಟ್ಟುಕೊಂಡು ಬಂದವರು ದಿನದಿನಕ್ಕೆ ಮೌನಿಯಾದರು. ನಾನು ಅಲ್ಲಿ ಅಂಗಡಿಯಲ್ಲಿ ಕೂರಲಿಲ್ಲ. ಕೂರು ಎಂದು ಕರೆಯುವವರೂ, ನಾನು ಬೇಕು ಎಂದು ಕಾಯುವವರೂ ಅಲ್ಲಿರಲಿಲ್ಲ.

ಒಂದು ಮಧ್ಯಾಹ್ನ, ಮಗಳಿಗೆ ಸೀರೆ ಆರಿಸಿ ಹೊಸನಗರದ ಕಡೆ ಹೋಗಿದ್ದ ಆ ಹೆಂಗಸು ಹುಡುಕಿಕೊಂಡು ಬಂದಳು. ನನಗೆ ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಹೊಸ ಜಾಗದಲ್ಲಿ ನೀರಿಗೆ ದೂರ ಹೋಗಬೇಕು, ಮಕ್ಕಳಿಗೆಲ್ಲ ಚಳಿಜ್ವರ ಬಂದಿತ್ತು, ಗದ್ದೆ ಇನ್ನೂ ಗದ್ದೆಯಾಗಿಲ್ಲ ಎಂದಳು. ನಾನು ಊಟ ಬಡಿಸಿದೆ. ಉಂಡು ಕೈತೊಳೆದು ಉಪ್ಪು, ಬೆಲ್ಲ, ಹೊಗೆಸೊಪ್ಪು ಕಟ್ಟಿಸಿಕೊಂಡಳು.

ಯಜಮಾನರು ಕೇಳಿದರು: "ಇದನ್ನ ಅಲ್ಲಿಂದ ಇಲ್ಲಿಗೆ ಬಂದು ಹೊತ್ಕಂಡು ಹೋಗ್ತೀಯಲ್ಲೇ? ಹೊಸನಗರದಲ್ಲಿ ಉಪ್ಪು ಸಿಗಲ್ವಾ?"

"ಸಿಗ್ತದೆ. ಅಲ್ಲಿಯೋರು ನಮ್ಮನ್ನ ಮುಳುಗಡೆಯೋರು ಅಂತ ಕರೀತಾರೆ, ಸಣ್ಣ ಸಾವ್ಕಾರ್ರೇ. ಕೊಡೋ ಮೊದ್ಲು ದುಡ್ಡು ತೋರ್ಸು ಅಂತಾರೆ." ಅವಳು ಗಂಟು ಕಟ್ಟುತ್ತ, "ದೊಡ್ಡ ಸಾವ್ಕಾರ್ರು ಹೆಂಗಿದ್ದಾರೆ?" ಎಂದು ಕೇಳಿದಳು.

ಯಜಮಾನರು ಅಂಗಡಿಯನ್ನು ಹಾಗೇ ಬಿಟ್ಟು, ಅವಳ ಗಂಟನ್ನು ತಾವೇ ಎತ್ತಿಕೊಂಡು ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದರು. ಅವತ್ತಿಡೀ ಅವರು ಯಾರಿಗೂ ಬೆಲೆ ಸರಿಯಾಗಿ ಹೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಮಾವ ಆಚೆ ದಡದಿಂದ ಬರುವುದು ವಾಡಿಕೆ. ಜೋರು ಮಳೆ ಹಿಡಿದರೆ ದೋಣಿ ದಾಟುವುದು ಕಷ್ಟ. ಆದ್ದರಿಂದ ನಾಲ್ಕು ತಿಂಗಳ ಸಾಮಾನನ್ನು ಒಟ್ಟಿಗೇ ಸಾಗಿಸಬೇಕು. ಯಜಮಾನರು ಸಾಗರದಲ್ಲಿ ಕೊಂಡು, ಗಾಡಿಯಲ್ಲಿ ದಡಕ್ಕೆ ಮುಟ್ಟಿಸುತ್ತಿದ್ದರು. ಆ ವರ್ಷ ನಾನೂ ಜೊತೆಗೆ ಹೋದೆ. ಮಾವನನ್ನು ನೋಡಿ ತಿಂಗಳುಗಳಾಗಿದ್ದವು.

ಬೇಸಗೆಯ ಕೊನೆ. ನೀರು ಇಳಿದಿತ್ತು. ಮುಳುಗಿದ ಕಾಡಿನ ಒಣಮರಗಳು ಅಲ್ಲಲ್ಲಿ ತಲೆ ಎತ್ತಿ ನಿಂತಿದ್ದವು. ಕಾಣುವ ಮರಗಳಿಗಿಂತ ಕಾಣದ ಮರಗಳೇ ಅಪಾಯ ಎಂದು ದೋಣಿಯವನು ಹೇಳುತ್ತಿದ್ದ. ಉಪ್ಪಿನ ಮೂಟೆ, ಬೆಲ್ಲ, ಮೆಣಸು, ಚಿಮಣಿ ಎಣ್ಣೆಯ ಡಬ್ಬಗಳನ್ನು ತುಂಬಿದ ಮೇಲೆ ದೋಣಿ ಅಂಚಿನವರೆಗೂ ಇಳಿದಿತ್ತು.

"ಎರಡು ಸಲ ಹಾಕಿ ಅಪ್ಪಯ್ಯ" ಎಂದರು ಯಜಮಾನರು.

ಮಾವ ಪಡುವಣದ ಕಡೆ ನೋಡಿದರು. ಮೋಡ ಕಟ್ಟುತ್ತಿತ್ತು. "ಇನ್ನೊಂದು ಸಲ ಬರೋ ಹೊತ್ತಿಗೆ ಗಾಳಿ ಏಳ್ತದೆ. ಇದ್ರಲ್ಲೇ ಹೋಗ್ತೀನಿ" ಎಂದು ಹತ್ತಿದರು.

ನಾವು ದಡದಲ್ಲಿ ನಿಂತು ನೋಡುತ್ತಿದ್ದೆವು. ದೋಣಿ ನಡುವಿಗೆ ಹೋಗುವಷ್ಟರಲ್ಲಿ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತಿತು. ದೋಣಿಯವನು ಬಿದಿರಿನ ಜಲ್ಲೆ ಊರಿ ತಳ್ಳಿದ. ದೋಣಿ ನಿಧಾನವಾಗಿ ಒಂದು ಬದಿಗೆ ವಾಲಿತು. ಮೂಟೆಗಳು ಒಂದರ ಹಿಂದೆ ಒಂದು ಜಾರಿ ನೀರಿಗೆ ಬಿದ್ದವು. ದೂರಕ್ಕೆ ಸದ್ದೇ ಕೇಳಲಿಲ್ಲ. ಅದಾದ ಮೇಲೆ ದೋಣಿಯೂ ಮಗುಚಿತು. ಯಜಮಾನರು "ಅಪ್ಪಯ್ಯ" ಎಂದು ಕೂಗುತ್ತ ಸೊಂಟದವರೆಗೆ ನೀರಿಗಿಳಿದರು. ಅವರಿಗೆ ಈಜು ಬರುತ್ತಿರಲಿಲ್ಲ. ನಾನು ಅವರ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಒಂದು ಒಣಮರದ ಕೊಂಬೆಯಲ್ಲಿ ಇಬ್ಬರು ಕಂಡರು. ದೋಣಿಯವನು ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದರಲ್ಲಿ ಮಾವನನ್ನು ತಬ್ಬಿಕೊಂಡಿದ್ದ. ಆಚೆ ದಡದಲ್ಲಿ ಮೀನು ಹಿಡಿಯುತ್ತಿದ್ದವರು ನೋಡಿ ತಮ್ಮ ದೋಣಿ ತಂದು ಇಬ್ಬರನ್ನೂ ಎತ್ತಿ ನಮ್ಮ ದಡಕ್ಕೆ ಮುಟ್ಟಿಸಿದರು. ಮಾವನ ಮೈ ನಡುಗುತ್ತಿತ್ತು. ಗಾಡಿಯಲ್ಲಿದ್ದ ಕಂಬಳಿ ಹೊದಿಸಿದೆ. ಅವರು ನೀರಿನ ಕಡೆಗೇ ನೋಡುತ್ತಿದ್ದರು. ಎಣ್ಣೆಯ ಡಬ್ಬಗಳು ಕೆಲವು ತೇಲುತ್ತಿದ್ದವು.

"ಉಪ್ಪು ಪೂರಾ ಹೋಯ್ತು" ಎಂದರು. ಆಮೇಲೆ, "ಮಳೆಗಾಲಕ್ಕೆ ಅವರು ಎಂತ ಮಾಡ್ತಾರೆ?" ಎಂದು ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ. "ಎರಡು ಸಲ ಹಾಕಿ ಅಂತ ಹೇಳಿದ್ದೆ" ಎನ್ನುವ ಮಾತು ಯಜಮಾನರ ಬಾಯಿಂದ ಅವತ್ತೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ಮಾವನನ್ನು ಸಾಗರದ ಮನೆಗೆ ಕರೆತಂದೆವು. ಮಾರನೆಯ ಬೆಳಿಗ್ಗೆ ನಾನು ಕಷಾಯ ತೆಗೆದುಕೊಂಡು ಹೋಗುವಾಗ ಯಜಮಾನರು ಅಂಗಡಿಯಲ್ಲಿ ಡಬ್ಬಿಗಳನ್ನು ಕೆಳಗಿಳಿಸುತ್ತಿದ್ದರು. ಉಪ್ಪಿನ ಮೂಟೆಗಳನ್ನು ಆಗಲೇ ಹೊರಗಿಟ್ಟಿದ್ದರು.

"ಇದೆಲ್ಲ ಆಚೆಗೆ" ಎಂದರು ನನ್ನ ಕಡೆ ನೋಡದೆ. "ಇಲ್ಲಿಯೋರಿಗೆ ನಮ್ಮ ಅಂಗಡಿ ಮುಚ್ಚಿದ್ದು ಗೊತ್ತೂ ಆಗಲ್ಲ."

"ಮತ್ತೆ ನಾವು?"

"ನಾವೂ ಹೋಗೋದು. ಮಳೆಗಾಲ ಕಳೀಲಿ. ಆಮೇಲೆ ನೋಡೋಣ."

ನನಗೆ ದುಃಖವೂ ಆಯಿತು, ಹಗುರವೂ ಆಯಿತು. ಎರಡನ್ನೂ ತೋರಿಸಲಿಲ್ಲ. ಪಾತ್ರೆಗಳನ್ನು ಕಟ್ಟಲು ಒಳಗೆ ಹೋದೆ.

ಸಾಮಾನು ಹೇರಿದ ಗಾಡಿಯಲ್ಲಿ ಮಾವನನ್ನೂ ಕೂರಿಸಿಕೊಂಡು ದಡ ಮುಟ್ಟಿದೆವು. ಅವರು ಮೂಟೆಗಳನ್ನು ನೋಡಿದರು, ಪಾತ್ರೆಯ ಗಂಟನ್ನು ನೋಡಿದರು.

"ಬಾಡಿಗೆ ಬಿಟ್ಯಾ?" ಎಂದು ಮಗನನ್ನು ಕೇಳಿದರು.

"ಬಿಟ್ಟೆ."

"ಯೋಚ್ನೆ ಮಾಡಿ ಬಿಟ್ಯಾ?"

"ಹೂಂ."

ಈ ಬಾರಿ ಚೂರು ಚೂರೇ ಸಾಗಿಸಿದೆವು. ಕೊನೆಯ ದೋಣಿ ದಾಟಿದ ದಿನವೇ ಮಳೆ ಹಿಡಿಯಿತು.

ತಂದದ್ದು ಸಣ್ಣ ಅಂಗಡಿಯ ದಾಸ್ತಾನು. ನಾಲ್ಕು ತಿಂಗಳಿಗೆ ಸಾಲುವಂಥದ್ದಲ್ಲ. ಮಾವ ಕೆಮ್ಮುತ್ತಲೇ ಕೂತು ಪ್ರತಿ ಮನೆಗೂ ಅಳೆದು ಕೊಟ್ಟರು. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರ ಮನೆಯಲ್ಲಿ ಉಪ್ಪು ಹಾಕಬೇಕಾದ ಕರಾವಿನ ದನ, ಯಾರು ಮಾವಿನ ಮಿಡಿಗೆ ಆಗಲೇ ಉಪ್ಪು ಹಾಕಿದ್ದಾರೆ, ಎಲ್ಲ ವಿಚಾರಿಸುತ್ತಿದ್ದರು. ಸ್ವಲ್ಪ ಅನುಕೂಲವಂತನಾದ ಒಬ್ಬ ಒಂದು ಮೂಟೆ ಪೂರ್ತಿ ಕೊಡಿ ಎಂದ.

"ಈಗ್ಲೇ ದುಡ್ಡು ಎಣಿಸ್ತೀನಿ ಸಾವ್ಕಾರ್ರೇ. ಮಳೇಲಿ ಮತ್ತೆ ಮತ್ತೆ ಬರೋಕಾಗಲ್ಲ."

"ಬರೋಕಾಗದಿದ್ರೆ ಮಗನ ಕೈಲಿ ಮನೆಗೇ ಕಳಿಸ್ತೀನಿ. ಮೂಟೆ ಕೊಡಲ್ಲ."

ಅವನು ಮುಖ ಗಂಟಿಕ್ಕಿಕೊಂಡು ಹೋದ. ಪಟ್ಟಣದಲ್ಲಿ ಹೆಚ್ಚು ಕೊಳ್ಳುವವನೇ ದೊಡ್ಡ ಗಿರಾಕಿ ಎಂದು ನೋಡಿ ಬಂದಿದ್ದ ಯಜಮಾನರೇ ಮುಂದಿನ ವಾರ ಕಂಬಳಿ ಕೊಪ್ಪೆ ಹಾಕಿಕೊಂಡು ಅವನ ಮನೆಗೆ ಉಪ್ಪು ಹೊತ್ತು ಹೋಗಿ ಕೊಟ್ಟು ಬಂದರು. ದೀಪಾವಳಿಯ ಹೊತ್ತಿಗೆ ದಾರಿ ತೆರೆಯಿತು. ಅಲ್ಲಿಯವರೆಗೆ ಉಪ್ಪಿಲ್ಲದೆ ಉಂಡೆವು ಎಂದವರು ಯಾರೂ ಇರಲಿಲ್ಲ. ಕಡಿಮೆ ಹಾಕಿಕೊಂಡು ಉಂಡವರು ನಾವೂ ಸೇರಿ ಎಲ್ಲರೂ.

ಮಾವನ ಕೆಮ್ಮು ಹೋಗಲಿಲ್ಲ. ನೀರಿಗೆ ಬಿದ್ದ ದಿನದಿಂದ ಎದೆಯಲ್ಲಿ ಕೂತದ್ದು ಚಳಿಗಾಲಕ್ಕೆ ಜೋರಾಯಿತು. ಸಾಗರದ ಆಸ್ಪತ್ರೆಗೆ ಹೋಗೋಣ ಎಂದರೆ, ದಾಟುವಾಗಲೇ ಸಾಯುತ್ತೇನೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿದು ಮಲಗಿದವರು ಏಳಲಿಲ್ಲ.

ಗುಡ್ಡದ ಮೇಲಿನ ಮನೆಗಳಿಂದ ಜನ ಬಂದು ಅಂಗಳದಲ್ಲಿ ಕೂತರು. ಅಂಗಡಿಯ ಹಲಗೆ ಹಾಕಿತ್ತು. ಆ ಹೊತ್ತಿಗೆ ಒಬ್ಬ ಗಂಡಸು ಓಡುತ್ತ ಬಂದ. ಅಂಗಳದ ಜನ ನೋಡಿ ತಡೆದು ನಿಂತ. ಅವನ ಹೆಂಡತಿಗೆ ಬೆಳಗಿನ ಜಾವ ಹೆರಿಗೆಯಾಗಿತ್ತು. ಓಮ, ಶುಂಠಿ, ಬೆಲ್ಲ ಬೇಕಿತ್ತು. ಇಲ್ಲಿ ಹೀಗಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹಿಂದಕ್ಕೆ ತಿರುಗಿದ.

ಯಜಮಾನರು ತಂದೆಯ ಪಕ್ಕದಿಂದ ಎದ್ದು, "ನಿಲ್ಲು" ಎಂದರು. ಹೋಗಿ ಹಲಗೆ ತೆಗೆದರು. ಅಂಗಳದಲ್ಲಿದ್ದ ಒಬ್ಬ ಹಿರಿಯರು, "ಹೆಣ ಎತ್ತದೆ ಅಂಗಡಿ ತೆಗೀಬಾರ್ದು ಕಣೋ" ಎಂದರು.

"ಗೊತ್ತು" ಎಂದರು ಯಜಮಾನರು. "ಅಪ್ಪಯ್ಯ ಇದ್ದಿದ್ರೆ ಕೊಡ್ತಿದ್ರು."

ಅವರು ತಕ್ಕಡಿ ಮುಟ್ಟಲಿಲ್ಲ. ಕೈಗೆ ಬಂದಷ್ಟನ್ನು ಕಟ್ಟಿ ಅವನ ಕೈಗಿಟ್ಟು ಮತ್ತೆ ಹಲಗೆ ಹಾಕಿ ಬಂದು ತಂದೆಯ ಪಕ್ಕದಲ್ಲಿ ಕೂತರು. ಆಗ ಅತ್ತರು. ಅಲ್ಲಿಯವರೆಗೆ ಅತ್ತಿರಲಿಲ್ಲ.

ನಾವು ಅಲ್ಲೇ ಉಳಿದೆವು. ಒಂದೆರಡು ವರ್ಷ ಅಂಗಡಿ ಚೆನ್ನಾಗಿಯೇ ನಡೆಯಿತು. ಆಮೇಲೆ ಹಿನ್ನೀರಿಗೆ ಲಾಂಚು ಬಂತು. ಬಂದ ದಿನ ನಾವೂ ದಡಕ್ಕೆ ಹೋಗಿ ಎಲ್ಲರ ಜೊತೆ ನಿಂತು ನೋಡಿದೆವು. ರೋಗಿಗಳನ್ನು, ಬಸುರಿಯರನ್ನು ಇನ್ನು ಹೆದರಿಕೆಯಿಲ್ಲದೆ ದಾಟಿಸಬಹುದು ಎಂದು ನನಗೆ ನಿಜವಾಗಿ ಸಮಾಧಾನವಾಯಿತು. ಅದೇ ಲಾಂಚಿನಲ್ಲಿ ನಮ್ಮ ವ್ಯಾಪಾರವೂ ದಾಟಿ ಹೋಯಿತು. ಬೆಳಿಗ್ಗೆ ಹೋದವರು ಸಂಜೆಗೆ ಸಾಗರದಿಂದ ಚೀಲ ತುಂಬಿಕೊಂಡು ಬರುತ್ತಿದ್ದರು. ಅಲ್ಲಿ ಬೆಲೆ ಕಡಿಮೆ, ಆರಿಸಲು ಹೆಚ್ಚು. ಅವರನ್ನು ದೂರುವಂತಿರಲಿಲ್ಲ.

ಕೆಲವು ದಿನಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಲಾಂಚು ಇಳಿದವರು ನಮ್ಮ ಅಂಗಡಿಯ ಮುಂದಿನ ನೇರ ದಾರಿ ಬಿಟ್ಟು, ಗುಡ್ಡದ ಹಿಂದಿನ ಕಾಲುದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಕೈಯಲ್ಲಿನ ಚೀಲ ನಮ್ಮ ಕಣ್ಣಿಗೆ ಬೀಳಬಾರದು ಎಂದು. ಮುದುಕರೂ ಭಾರ ಹೊತ್ತು ಆ ಏರು ಹತ್ತುತ್ತಿದ್ದರು. ಯಜಮಾನರು ಅದನ್ನು ಹಲವು ಸಂಜೆ ಸುಮ್ಮನೆ ನೋಡಿದರು.

ಒಂದು ದಿನ ಅವರು ಆ ಕಾಲುದಾರಿ ಒಡೆಯುವಲ್ಲಿಗೇ ಹೋಗಿ ನಿಂತರು. ಒಬ್ಬಳು ಸೊಸೆ, ಅವಳ ಅತ್ತೆ ಬರುತ್ತಿದ್ದರು.

"ಸುತ್ತು ದಾರಿ ಯಾಕೆ ಅಮ್ಮಾ? ಭಾರ ಹೊತ್ಕಂಡು?" ಎಂದರು. "ಇಲ್ಲೇ ಬನ್ನಿ. ಇಳಿಸಿ, ಕೂತು, ಒಂದು ಲೋಟ ಚಾ ಕುಡ್ದು ಹೋಗಿ."

ಇಬ್ಬರೂ ತಲೆ ತಗ್ಗಿಸಿಕೊಂಡು ಬಂದರು. ಹೊರಗೆ ಹಾಕಿದ್ದ ಹಲಗೆಯ ಬೆಂಚಿನಲ್ಲಿ ಕೂತರು. ಅತ್ತೆಯ ಕೈಯಲ್ಲಿ ಹೊಸದೊಂದು ಪ್ಲಾಸ್ಟಿಕ್ ಬಕೀಟು ಇತ್ತು, ಕೆಂಪು ಬಣ್ಣದ್ದು. ಅದನ್ನು ಸೆರಗಿನಲ್ಲಿ ಮುಚ್ಚಲು ನೋಡುತ್ತಿದ್ದಳು. ಮುಚ್ಚುವಷ್ಟು ಸಣ್ಣದಾಗಿರಲಿಲ್ಲ.

ನಾನು ಚಾ ತಂದುಕೊಟ್ಟು, "ಎಲ್ಲಿ, ನೋಡೋಣ" ಎಂದು ಬಕೀಟನ್ನು ಕೈಗೆ ತೆಗೆದುಕೊಂಡೆ. ನಮ್ಮಲ್ಲಿ ಮಾರುವ ಕಬ್ಬಿಣದ ಬಕೀಟಿನ ಕಾಲುಭಾಗ ತೂಕವೂ ಇರಲಿಲ್ಲ.

"ನಿಮ್ಮಲ್ಲಿ ಇರ್ಲಿಲ್ಲ ಸಣ್ಣಮ್ಮ, ಅದ್ಕೆ..." ಎಂದಳು ಅತ್ತೆ.

"ಇಲ್ಲ ನಮ್ಮಲ್ಲಿ. ಚೆನ್ನಾಗಿದೆ. ಬಾವಿಯಿಂದ ತರೋಕೆ ಸೊಂಟ ನೋಯಲ್ಲ" ಎಂದೆ. ನಿಜವನ್ನೇ ಹೇಳಿದ್ದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾಲು ಚಾಚಿ ಆರಾಮಾಗಿ ಕೂತು, ಸಾಗರದ ಸುದ್ದಿ ಹೇಳತೊಡಗಿದಳು. ಚಾ ಕುಡಿದು ಮುಗಿಸಿ, ಅರ್ಧ ಕಿಲೋ ಉಪ್ಪು ಕೊಡಿ ಎಂದಳು. ಅವಳ ಚೀಲದಲ್ಲಿ ಸಾಗರದ ಉಪ್ಪು ಇದ್ದದ್ದು ಮೇಲಿನಿಂದಲೇ ಕಾಣುತ್ತಿತ್ತು. ಯಜಮಾನರು, "ಬೇಡ ಬಿಡಿ, ಮುಗಿದ ಮೇಲೆ ಬನ್ನಿ" ಎಂದರು.

ಆ ವಾರದಿಂದ ನಾನು ಮಧ್ಯಾಹ್ನದ ಮೇಲೆ ದೊಡ್ಡ ಪಾತ್ರೆಯಲ್ಲಿ ಚಾ ಇಡತೊಡಗಿದೆ. ಬಟ್ಟೆ ತರಿಸುವುದನ್ನು ನಿಲ್ಲಿಸಿದೆವು. ಇದ್ದಕ್ಕಿದ್ದಂತೆ ತೀರಿಹೋಗುವ ಸಾಮಾನುಗಳನ್ನು ಮಾತ್ರ ಇಟ್ಟುಕೊಂಡೆವು: ಬೆಂಕಿಪೆಟ್ಟಿಗೆ, ಚಿಮಣಿ ಎಣ್ಣೆ, ಉಪ್ಪು, ಬಾಣಂತಿ ಔಷಧ. ಸಂಜೆ ಲಾಂಚು ಇಳಿದವರು ಚೀಲಗಳನ್ನು ಬೆಂಚಿನ ಕೆಳಗಿಟ್ಟು ಕೂತು ದಣಿವಾರಿಸಿಕೊಂಡು, ನೇರ ದಾರಿಯಲ್ಲೇ ಮನೆಗೆ ಹೋಗುತ್ತಿದ್ದರು.